ಗುಬ್ಬಿ ರೊಟ್ಟಿ

ಕಮಲಾಪುರದ ಮೊದಲ ಬಸ್ಸು ಅಂದು ಇನ್ನೂ ಬಂದಿರಲಿಲ್ಲ. ಎಂಟಕ್ಕೆ ಬರಬೇಕಾದದ್ದು ಹತ್ತಾದರೂ ಸುಳಿವಿಲ್ಲ. ಕಲಬುರಗಿ ಬಸ್ ನಿಲ್ದಾಣದ ಕಂಬಕ್ಕೆ ಆನಿಕೊಂಡು ನಿಂತಿದ್ದ ಶಿವಕಾಂತಮ್ಮ ಒಳಗೆ ಬಂದ ಪ್ರತಿಯೊಂದು ಬಸ್ಸಿಗೂ ಕತ್ತು ಚಾಚಿ, ಹಲಗೆ ಓದಿ, ಮತ್ತೆ ಕಂಬಕ್ಕೆ ಆನುತ್ತಿದ್ದಳು.

ಅವಳ ಸುತ್ತ ಹತ್ತಿಪ್ಪತ್ತು ಕಾಲೇಜು ಹುಡುಗರೂ ಹಾಗೇ ಕಾಯುತ್ತಿದ್ದರು. ಅವರೆಲ್ಲ ಬುತ್ತಿಗೆ ಬಂದವರು. ಹಳ್ಳಿಯಲ್ಲಿ ತಾಯಿ ನಸುಕಿಗೆದ್ದು ರೊಟ್ಟಿ ಬಡಿದು, ಪಲ್ಯದ ಜೊತೆ ಡಬ್ಬಿ ಕಟ್ಟಿ, ಮೇಲೆ ಮಗನ ಹೆಸರು ಬರೆಸಿ ಮೊದಲ ಬಸ್ಸಿನ ಕಂಡಕ್ಟರನಿಗೆ ಕೊಡುತ್ತಾಳೆ. ಇಲ್ಲಿ ಮಗ ಬಂದು ಇಳಿಸಿಕೊಳ್ಳುತ್ತಾನೆ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ಊರು ಸೇರುತ್ತದೆ. ಈ ಸೀಮೆಯಲ್ಲಿ ಓದು ಎಂದರೆ ಇಷ್ಟೆಲ್ಲ ಸೇರಿಯೇ ಓದು. ಆದರೆ ಐವತ್ತು ದಾಟಿದ ಹೆಂಗಸೊಬ್ಬಳು ಹುಡುಗರ ಸಾಲಿನಲ್ಲಿ ನಿಂತು ಬುತ್ತಿ ಕಾಯುವುದು ನೋಡುವವರಿಗೆ ತಮಾಷೆಯಾಗಿ ಕಾಣುತ್ತಿತ್ತು.

"ಏನ್ರಿ ಅಮ್ಮಾ, ಈ ವರ್ಷ ನೀವೂ ಪರೀಕ್ಷಾಕ್ಕ ಕುಂದರಾವ್ರೇನು?" ಎಂದ ಒಬ್ಬ.

"ಕುಂದರ್ತೀನಿ. ನಿನ್ನ ಬಾಜೂನ ಕುಂದರ್ತೀನಿ. ನೋಡಿ ಬರೀಬಹುದು ಅಂದ್ರ ನಿನಗೇ ಏನೂ ಬರಂಗಿಲ್ಲ," ಎಂದಳು ಶಿವಕಾಂತಮ್ಮ. ಹುಡುಗರು ನಕ್ಕರು. ಅವಳ ಕಣ್ಣು ಮಾತ್ರ ಗೇಟಿನ ಮೇಲೇ ಇತ್ತು.

ಗಾಜಿಪುರದ ಓಣಿಯಲ್ಲಿ ಅವಳದೊಂದು ಖಾನಾವಳಿ. ಬಾಗಿಲ ಮೇಲೆ 'ಗುರುಕೃಪಾ ಲಿಂಗಾಯತ ಖಾನಾವಳಿ' ಎಂಬ ಹಲಗೆ. ಆ ಸುತ್ತಿನಲ್ಲೆಲ್ಲ ಬಾಡಿಗೆ ಕೋಣೆ ಹಿಡಿದ ಹುಡುಗರೇ ಇದ್ದುದರಿಂದ ಮೂಲೆಮೂಲೆಗೂ ಖಾನಾವಳಿಗಳಿದ್ದವು. ಪಾಠದಲ್ಲಿ ಒಮ್ಮತಕ್ಕೆ ಬಾರದ ಹುಡುಗರು ಊಟದ ವಿಷಯದಲ್ಲಿ ಮಾತ್ರ ಎಂದೋ ತೀರ್ಪು ಕೊಟ್ಟಿದ್ದರು: ತಹರಿ ಅನ್ನಕ್ಕೆ ಖಮರುದ್ದೀನನ ಹೋಟೆಲು, ಎಣಗಾಯಿ ಪಲ್ಯಕ್ಕೆ ಸ್ಟೇಷನ್ ರಸ್ತೆಯ ಅಣವೀರಪ್ಪನ ಖಾನಾವಳಿ, ರೊಟ್ಟಿಗೆ ಶಿವಕಾಂತಮ್ಮ. ಹೊಸದಾಗಿ ಊರಿಗೆ ಬಂದ ಹುಡುಗನಿಗೆ ಹಳಬರು ಕಾಲೇಜಿನ ದಾರಿಗಿಂತ ಮೊದಲು ಈ ಮೂರು ದಾರಿ ತೋರಿಸುತ್ತಿದ್ದರು. ಅವಳ ರೊಟ್ಟಿ ಹಾಳೆಯಷ್ಟು ತೆಳ್ಳಗೆ, ಎರಡು ಪದರಾಗಿ ಉಬ್ಬಿದ್ದು, ಮಧ್ಯಾಹ್ನದ ತನಕ ಮೆತ್ತಗೆ. ತವರಿನಲ್ಲಿ ಅಣ್ಣನ ಹೆಂಡತಿ ವಿಮಲಾಬಾಯಿ ಮಾಡಿ ಬಸ್ಸಿಗೆ ಇಡುತ್ತಾಳೆ ಎಂದು ಶಿವಕಾಂತಮ್ಮ ಎಲ್ಲರಿಗೂ ಹೇಳಿದ್ದಳು. ವಿಮಲಾಬಾಯಿಯ ರೊಟ್ಟಿ ತಿಂದು ಹಲ್ಲು ನೋಯಿಸಿಕೊಂಡವರು ಯಾರೂ ಕಲಬುರಗಿಯಲ್ಲಿ ಇರಲಿಲ್ಲವಾದ್ದರಿಂದ ಈ ಸುಳ್ಳು ನಾಲ್ಕು ವರ್ಷ ಸುಖವಾಗಿ ಬದುಕಿತು.

ನಿಜ ಬೇರೆಯೇ ಇತ್ತು. ನಾಲ್ಕು ವರ್ಷದ ಹಿಂದೆ, ತೊಂಬತ್ತೆರಡನೇ ಇಸವಿಯಲ್ಲಿ, ಶಿವಕಾಂತಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಸೌಟು ಹಿಡಿಯಬಹುದು, ರೊಟ್ಟಿ ಬಡಿಯಲಾಗದು. ಗಂಡ ಸತ್ತ ಮೇಲೆ ಹದಿನಾರು ವರ್ಷ ಆ ಕೈಯೇ ಅವಳನ್ನು ಸಾಕಿತ್ತು. ಊರಿನ ಇಬ್ಬರು ಹೆಂಗಸರನ್ನು ಕರೆಸಿ ನೋಡಿದಳು. ಅವರ ರೊಟ್ಟಿ ನೋಡಿ ಹುಡುಗರು, "ಅಮ್ಮಾ, ಇದಕ್ಕ ಮೊಳಿ ಹೊಡೆದು ಚಪ್ಪಲಿ ಮಾಡಿಸ್ತೀವಿ," ಎಂದರು. ತಿಂಗಳೊಪ್ಪತ್ತಿನಲ್ಲಿ ಅರ್ಧ ಪಡಸಾಲೆ ಖಾಲಿಯಾಯಿತು. ಆಗ ಅವಳು ಕಮಲಾಪುರಕ್ಕೆ ಹೋಗಿ ಭೀಮಬಾಯಿಯನ್ನು ಕಂಡಳು.

ಭೀಮಬಾಯಿ ಹರಿಜನವಾಡದವಳು. ಶಿವಕಾಂತಮ್ಮನ ಅಪ್ಪನ ಹೊಲದಲ್ಲಿ ಚಿಕ್ಕಂದಿನಿಂದಲೂ ಕಳೆ ತೆಗೆದು ಬೆಳೆದವಳು. ಹುಡುಗಿಯಾಗಿದ್ದಾಗ ಶಿವಕಾಂತಮ್ಮ ಹೊಲಕ್ಕೆ ಹೋದರೆ ಕಣಿಕೆಯ ಬಣವೆಯ ಹಿಂದೆ ನಿಂತು ತನ್ನ ತುಪ್ಪ ಸವರಿದ ರೊಟ್ಟಿ ಕೊಟ್ಟು ಅವಳ ಒಣರೊಟ್ಟಿ ಇಸಿದುಕೊಂಡು ತಿನ್ನುತ್ತಿದ್ದಳು. ಆ ರುಚಿ ಅವಳ ನಾಲಿಗೆ ಮರೆತಿರಲಿಲ್ಲ. ಅವ್ವನಿಗೆ ಗೊತ್ತಾಗಿ ಬೆನ್ನ ಮೇಲೆ ಬಿದ್ದ ಏಟನ್ನು ಬೆನ್ನೂ ಮರೆತಿರಲಿಲ್ಲ. ಹೀಗಾಗಿ ಇಬ್ಬರ ನಡುವೆ ಒಪ್ಪಂದವಾಯಿತು. ಜೋಳ ಇವಳದು, ಕೈ ಅವಳದು. ಯಾರಿಗೂ ಹೇಳಬಾರದು, ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಭೀಮಬಾಯಿಯ ಮಗನಿಗೂ ಕೂಡ. ಭೀಮಬಾಯಿ ತಲೆಯಾಡಿಸಿದಳು. ಮಗ ಊರಿಗೆ ಬರುವ ಭಾನುವಾರ, ರಜೆಗಳಲ್ಲಿ ಖಾನಾವಳಿಯೂ ಮುಚ್ಚಿರುತ್ತಿದ್ದುದರಿಂದ ಗುಟ್ಟು ಉಳಿಯಿತು. ಆ ಕಾಲಕ್ಕೆ ಊರೊಳಗೆ ಉಣ್ಣುವವರ ಜಾತಿ ಕೇಳುವುದು ಬಹಳಷ್ಟು ನಿಂತಿತ್ತು. ಮಾಡಿ ಬಡಿಸುವವರ ಜಾತಿ ಕೇಳುವುದು ನಿಂತಿರಲಿಲ್ಲ.

ಬರುವ ಗಂಟಿನಲ್ಲಿ ನೂರು ರೊಟ್ಟಿಯ ಮೇಲೆ ದಿನವೂ ಒಂದು ಪುಟ್ಟ ರೊಟ್ಟಿ ಇರುತ್ತಿತ್ತು. ಪರಾತದಲ್ಲಿ ಕೊನೆಗೆ ಉಳಿದ ಹಿಟ್ಟನ್ನು ಹಾಗೇ ಬಿಡಬಾರದೆಂದು ಹೆಂಗಸರು ಮಕ್ಕಳಿಗೆ ಅಂಗೈಯಗಲದ ರೊಟ್ಟಿ ಮಾಡುವುದುಂಟು. ಭೀಮಬಾಯಿ ಅದರ ಅಂಚನ್ನು ಹೆಬ್ಬೆರಳಿನಿಂದ ಸುತ್ತ ಎತ್ತಿ, ನಡುವೆ ಮೂರು ಬೆರಳೊತ್ತಿ ಗುಣಿ ಮಾಡಿ, ಅದರಲ್ಲಿ ಚಿಟಿಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟು ಎರಡು ಹನಿ ಎಣ್ಣೆ ಬಿಡುತ್ತಿದ್ದಳು. ಶಿವಕಾಂತಮ್ಮ ಗಂಟು ಬಿಚ್ಚಿದವಳೇ ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು, ನಿಂತುಕೊಂಡೇ ಅದನ್ನು ತಿನ್ನುತ್ತಿದ್ದಳು. ಆಮೇಲೆ ಉಳಿದ ಕೆಲಸ. ನಾಲ್ಕು ವರ್ಷದಲ್ಲಿ ಅದನ್ನು ಬೇರೆ ಯಾರೂ ಕಂಡಿರಲಿಲ್ಲ.

ಅಂದು ಬಸ್ಸು ಬಂದಾಗ ಹನ್ನೊಂದೂವರೆ. ದಾರಿಯಲ್ಲಿ ಗಾಲಿ ಪಂಕ್ಚರ್ ಆಗಿ, ಇನ್ನೊಂದು ಗಾಲಿ ಬರುವ ತನಕ ಬಸ್ಸು ರಸ್ತೆ ಬದಿಯಲ್ಲೇ ನಿಂತಿತ್ತಂತೆ. ಶಿವಕಾಂತಮ್ಮ ಗಂಟು ಬಗಲಿಗೆ ಹಾಕಿಕೊಂಡು ಆಟೊ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಪಡಸಾಲೆ ತುಂಬಿ ಹುಡುಗರು ತಾಟು ಬಾರಿಸುತ್ತಿದ್ದರು. ಅವಳು ಗಂಟನ್ನು ಬಡಿಸುವ ದುಂಡಮ್ಮನ ಮುಂದೆ ಇಟ್ಟು ಬ್ಯಾಳಿ ಕುದಿಸಲು ಓಡಿದಳು. ಮೇಲಿದ್ದ ಪುಟ್ಟ ರೊಟ್ಟಿ ಅವಳ ನೆನಪಿಗೆ ಬರಲಿಲ್ಲ. ದುಂಡಮ್ಮನಿಗೆ ಅದೂ ಒಂದು ರೊಟ್ಟಿ. ಎರಡು ದೊಡ್ಡವುಗಳ ಮೇಲೆ ಅದನ್ನಿಟ್ಟು ಬಾಗಿಲ ಹತ್ತಿರದ ಮೇಜಿನಲ್ಲಿ ಕೂತ ಹುಡುಗನ ತಾಟಿಗೆ ಹಾಕಿದಳು.

ಆ ಹುಡುಗ ಖಾನಾವಳಿಗೆ ಹೊಸಬ. ಬಿ.ಎಸ್ಸಿ. ಎರಡನೇ ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದನೆಂದು ಹಾಸ್ಟೆಲಿನ ಗೆಳೆಯ ಭೀಮಶಾ ಮತ್ತಿಬ್ಬರು ಅವನನ್ನು ಎಳೆದುಕೊಂಡು ಬಂದಿದ್ದರು. "ಬರೇ ಹಾಸ್ಟೆಲಿನ ಅನ್ನ ಉಂಡು ಸಾಯ್ತಿ, ಒಮ್ಮ್ಯಾರ ಕಲಬುರ್ಗಿ ನಂಬರ್ ಒನ್ ರೊಟ್ಟಿ ತಿನ್ನು ಬಾ," ಎಂದು ಭೀಮಶಾ ಹೇಳುತ್ತಿದ್ದುದು ಒಳಗೆ ಶಿವಕಾಂತಮ್ಮನಿಗೂ ಕೇಳಿ ಹೆಮ್ಮೆಯಾಯಿತು. ಅವಳು ಬ್ಯಾಳಿಯ ಬೋಗುಣಿ ಹಿಡಿದು ಹೊರಗೆ ಬಂದಾಗ ಹುಡುಗ ಪುಟ್ಟ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡುತ್ತಿದ್ದ. ಅವನ ಮುಖವೆಲ್ಲ ನಗೆಯಾಗಿತ್ತು.

"ಏ ಭೀಮಶಾ, ಇದು ಗುಬ್ಬಿ ರೊಟ್ಟಿ! ನಮ್ಮವ್ವನ ಕೈದು ಇದು!"

"ನಿಮ್ಮವ್ವ ಇಲ್ಲಿಗ್ಯಾಕ ಬರ್ತಾಳಲೇ?"

"ಖರೇ ಅಂತೀನಿ. ನೋಡು, ಮೂರು ಬಟ್ಟಿನ ಗುಣಿ. ಸಾಲಿಗೆ ಹೋಗುವಾಗ ದಿನಾ ಕೈಯಾಗ ಕೊಡ್ತಿದ್ದಳು. ಇದರಾಗಿನ ಹಿಂಡಿ ಗುಬ್ಬಿ ಕಾಳು ಇದ್ದಂಗ, ಕುಟುಕಿಕೋತ ಹೋಗು ಅಂತಿದ್ದಳು." ಅವನು ಶಿವಕಾಂತಮ್ಮನ ಕಡೆ ತಿರುಗಿದ. "ಅಮ್ಮಾ, ಈ ರೊಟ್ಟಿ ಕಮಲಾಪುರದಿಂದ ಬರ್ತಾವ್ರೇನು? ನಮ್ಮವ್ವ ಮಾಡ್ತಾಳಲ್ರಿ?"

ಬಾಗಿಲ ಪಕ್ಕದ ಕುರ್ಚಿಯಲ್ಲಿ ಜಗದೇವಪ್ಪ ಊಟಕ್ಕೆ ಕೂತಿದ್ದ. ಅವನು ಶಿವಕಾಂತಮ್ಮನ ಗಂಡನ ಅಣ್ಣ. ಮನೆ ಅವನ ಹೆಸರಿನಲ್ಲಿತ್ತು. ತಮ್ಮನ ಹೆಂಡತಿ ಯಾರ ಮುಂದೆಯೂ ಕೈಯೊಡ್ಡದೆ ಬದುಕಲಿ ಎಂದು ಮುಂದಿನ ಪಡಸಾಲೆ ಬಿಟ್ಟುಕೊಟ್ಟವನು, ದಿನವೂ ಮಧ್ಯಾಹ್ನ ಇಲ್ಲೇ ಉಣ್ಣುವವನು. ಕೆಟ್ಟ ಮನುಷ್ಯನಲ್ಲ. ಅವನು ಸಹಜವಾಗಿಯೇ ಕೇಳಿದ: "ಯಾರ ಪೈಕಿ ತಮ್ಮಾ ನೀ?"

"ಕಮಲಾಪುರದ ಹರಿಜನವಾಡದವ್ರಿ. ಮಲ್ಕಪ್ಪನ ಮಗ, ಕಾಶಿರಾಯ ಅಂತ. ನಮ್ಮವ್ವ ಭೀಮಬಾಯಿ." ಹುಡುಗ ಅದೇ ನಗೆಯಲ್ಲಿ ಹೇಳಿದ. ಊರಿನಲ್ಲೇ ಹೆಸರಾದ ರೊಟ್ಟಿ ತನ್ನ ತಾಯಿಯದು ಎಂಬ ಸಂತೋಷದಲ್ಲಿ ಅವನಿಗೆ ಬೇರೇನೂ ಹೊಳೆದಿರಲಿಲ್ಲ.

ಗೋಡೆಯ ಬದಿಗೆ ಕೂತ ಒಬ್ಬ ತಾಟನ್ನು ಒಂದಿಷ್ಟು ಮುಂದಕ್ಕೆ ತಳ್ಳಿದ. ಇನ್ನೊಬ್ಬ ಬಾಯಲ್ಲಿದ್ದುದನ್ನು ನುಂಗಲೋ ಬೇಡವೋ ಎಂಬಂತೆ ಗಲ್ಲ ಉಬ್ಬಿಸಿಕೊಂಡು ಕೂತ. ಜಗದೇವಪ್ಪ ಕೈಯನ್ನು ತಾಟಿನ ಮೇಲೆ ಹಾಗೇ ಹಿಡಿದು ಕೇಳಿದ:

"ಶಿವಕಾಂತಾ, ಹುಡುಗ ಏನೋ ಹೇಳಾಕತ್ತಾನ. ಹೌದೇನು?"

ಅವಳು ಬೋಗುಣಿಯನ್ನು ಮೇಜಿನ ಮೇಲೆ ಇಟ್ಟಳು. ಈ ಪಡಸಾಲೆ ಹೋದರೆ ತನಗೆ ತವರಿನ ಹಿತ್ತಿಲಲ್ಲಿ ವಿಮಲಾಬಾಯಿಯ ಪಾತ್ರೆ ತಿಕ್ಕುವುದೊಂದೇ ಗತಿ ಎಂದು ಅವಳಿಗೆ ಗೊತ್ತಿತ್ತು. ಹುಡುಗನ ಮುಖ ನೋಡಿದಳು. ಭೀಮಬಾಯಿಯದೇ ಹಣೆ, ಅವಳದೇ ಕಣ್ಣು.

"ಯಾವ ಭೀಮಬಾಯಿನೋ, ನನಗ ಗೊತ್ತಿಲ್ಲ," ಎಂದಳು. "ನಮ್ಮ ವಿಮಲಾ ವೈನಿ ಮಾಡಿದ ರೊಟ್ಟಿ ಇವು. ನಾಕು ವರ್ಷಾತು, ಎಲ್ಲಾರಿಗೂ ಗೊತ್ತದ."

"ಇಲ್ರಿ ಅಮ್ಮಾ, ನೋಡ್ರಿ ಇಲ್ಲಿ, ಈ ಗುಣಿ..."

"ಅಕಿ ಅಲ್ಲ ಅಂತಾಳಲ್ಲ," ಜಗದೇವಪ್ಪನ ದನಿ ಈಗ ಗಟ್ಟಿಯಾಗಿತ್ತು. "ನಾಕು ಮಂದಿ ಉಣ್ಣೋ ಹೊತ್ತಿನಾಗ ಇಂಥಾ ಸುಳ್ಳ ಯಾಕ ಆಡ್ತಿ? ಓದಿದ ಹುಡುಗ ಇದ್ದಿ."

ಕಾಶಿರಾಯ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅವಳನ್ನೇ ನೋಡುತ್ತ ಕೂತ, ಇನ್ನೊಂದು ಮಾತು ಬರುತ್ತದೆ ಎಂದು ಕಾಯುವವನಂತೆ. ಶಿವಕಾಂತಮ್ಮ ದುಂಡಮ್ಮನಿಗೆ, "ಆ ಕಡೆ ಬ್ಯಾಳಿ ಹಾಕು," ಎಂದು ಹೇಳಿ ಒಳಗೆ ಹೋದಳು. ಒಲೆಯ ಮುಂದೆ ನಿಂತು ಬೆಂಕಿ ನೋಡಿದಳು. ಹೊರಗೆ ಕುರ್ಚಿ ಸರಿಯಿತು. ಮತ್ತೆ ಬಂದು ನೋಡಿದಾಗ ನಾಲ್ಕು ಹುಡುಗರೂ ಎದ್ದುಹೋಗಿದ್ದರು. ಕಾಶಿರಾಯನ ತಾಟಿನಲ್ಲಿ ಎರಡೂ ದೊಡ್ಡ ರೊಟ್ಟಿ ಮುರಿಯದೆ ಹಾಗೇ ಇದ್ದವು. ಪುಟ್ಟದು ಮಾತ್ರ ಇರಲಿಲ್ಲ.

"ಅಂಗಿ ಕಿಸೇದಾಗ ಇಟ್ಕೊಂಡು ಹೋದ ನೋಡ್ರಿ," ಎಂದಳು ದುಂಡಮ್ಮ.

ಮರುದಿನ ಬಸ್ಸು ಸರಿಯಾದ ಹೊತ್ತಿಗೆ ಬಂತು, ಗಂಟು ಬರಲಿಲ್ಲ. ಅದರ ಮರುದಿನವೂ ಇಲ್ಲ. "ಆ ಬಾಯಿ ಸ್ಟಾಂಡಿಗೇ ಬಂದಿಲ್ರಿ," ಎಂದ ಕಂಡಕ್ಟರ. ಶಿವಕಾಂತಮ್ಮ ವೈನಿಗೆ ಜ್ವರ ಎಂದು ಸುಳ್ಳಿನ ಮೇಲೆ ಸುಳ್ಳು ಪೇರಿಸಿ, ದುಂಡಮ್ಮನ ಕೈಲಿ ರೊಟ್ಟಿ ಮಾಡಿಸಿದಳು. ಹುಡುಗರು ಎರಡು ದಿನ ಉಂಡರು, ಮೂರನೇ ದಿನ ಅಣವೀರಪ್ಪನ ಕಡೆ ನಡೆದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅವಳಿಗೆ ಬುದ್ಧಿ ಬಂತೋ ಇಲ್ಲವೋ, ಒಲೆಯಂತೂ ಆರುತ್ತ ಬಂತು. ಆದರೆ ಮುಂಜಾನೆ ಖಾಲಿ ಕೈಯಲ್ಲಿ ಬಸ್ ನಿಲ್ದಾಣದಿಂದ ಬಂದು ಅಡುಗೆಮನೆಯಲ್ಲಿ ನಿಂತಾಗ ಅವಳನ್ನು ಹಿಂಡುತ್ತಿದ್ದುದು ಖಾಲಿ ಪಡಸಾಲೆ ಅಷ್ಟೇ ಅಲ್ಲ. ಆ ಹುಡುಗನ ಕಾಯುವ ಮುಖ ಕಣ್ಣು ಮುಚ್ಚಿದರೂ ಇತ್ತು, ತೆರೆದರೂ ಇತ್ತು. ಒಂಬತ್ತನೇ ದಿನ ಅವಳು ಕಮಲಾಪುರದ ಬಸ್ಸು ಹತ್ತಿದಳು.

ತವರಿನ ಮನೆಗೆ ಹೋಗಲಿಲ್ಲ. ಬಾಳೆತೋಟದ ಬೇಲಿ ಹಿಡಿದು ನೇರ ಹರಿಜನವಾಡಕ್ಕೆ ನಡೆದಳು. ಹುಟ್ಟಿದ ಊರಿನಲ್ಲಿ ಆ ಓಣಿಗೆ ಅವಳು ಕಾಲಿಟ್ಟಿದ್ದು ಇದು ಎರಡನೇ ಸಲ. ಭೀಮಬಾಯಿ ಬಾಗಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಕಂಡವಳೇ ಮೊರ ಬದಿಗಿಟ್ಟು ಎದ್ದು, ಕಟ್ಟೆಯ ಮೇಲೆ ಕೌದಿ ಹಾಸಿದಳು.

"ಕುಂದರ್ರಿ ಅಕ್ಕಾರೆ. ಬಿಸಲಾಗ ಬಂದೀರಿ."

ಒಳಗಿಂದ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದು ಕಟ್ಟೆಯ ತುದಿಗಿಟ್ಟಳು. ಬಂದವರಿಗೆ ಮೊದಲು ನೀರು ಕೊಡುವುದು ಈ ಸೀಮೆಯ ರೂಢಿ. ಶಿವಕಾಂತಮ್ಮನಿಗೆ ಗಂಟಲು ಒಣಗಿತ್ತು. ತಂಬಿಗೆಗೆ ಕೈ ಹಾಕಿದಳು. ಓಣಿಯ ಕೊನೆಯ ಬೋರಿಂಗಿನಲ್ಲಿ ನೀರು ಹೊಡೆಯುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ತಂಬಿಗೆ ಎತ್ತಿದವಳು ಅದನ್ನು ತನ್ನ ಮಗ್ಗುಲಿಗೆ ಇಟ್ಟುಕೊಂಡಳು. ನಾಲ್ಕು ವರ್ಷ ಈ ಮನೆಯ ನೀರಿನಲ್ಲಿ ನಾದಿದ ರೊಟ್ಟಿ ತಿಂದಿದ್ದಳು. ರೊಟ್ಟಿ ಬೆಂಕಿ ಕಂಡದ್ದು, ನೀರು ಹಸಿಯದು ಎಂದು ಮನಸ್ಸಿನ ಮೂಲೆಯಲ್ಲಿ ಅವ್ವನ ದನಿ ಹೇಳಿತು. ಭೀಮಬಾಯಿ ಅದನ್ನು ನೋಡಿದಳು, ನೋಡದಂತೆ ತೊಗರಿಯಲ್ಲಿ ಕೈಯಾಡಿಸಿದಳು.

"ನಾ ತಪ್ಪು ಮಾಡೀನಿ ಭೀಮಬಾಯಿ," ಎಂದಳು ಶಿವಕಾಂತಮ್ಮ.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ನೀವು ಎಲ್ಲಾರ ಮುಂದ ಹೂಂ ಅಂತೀರಂತ ನಾ ಯಾವತ್ತೂ ಅಂದ್ಕೊಂಡಿದ್ದಿಲ್ಲ." ಭೀಮಬಾಯಿ ಒಂದು ಕಲ್ಲು ಹೆಕ್ಕಿ ಎಸೆದಳು. "ತಪ್ಪು ನಾನೂ ಮಾಡೀನಿ. ಅವತ್ತು ಸಂಜೀಕ ಅವ ಬಂದ. ಕಿಸೇದಾಗಿಂದ ಗುಬ್ಬಿ ರೊಟ್ಟಿ ತೆಗೆದು ನನ್ನ ಮುಂದ ಹಿಡದ. ಅವ್ವಾ, ಇದು ನಿಂದು ಹೌದಲ್ಲ ಅಂದ. ನಿಮಗ ಮಾತು ಕೊಟ್ಟಿದ್ದೆ. ಅಲ್ಲ ಅಂದೆ."

ಭೀಮಬಾಯಿ ಇನ್ನೊಂದು ಕಲ್ಲು ಹೆಕ್ಕಿದಳು.

"ಅಲ್ಲ ಅಂದ್ರ ನಾ ಅಷ್ಟು ಮಂದಿ ಮುಂದ ಸುಳ್ಳಾಡಿದಂಗಾತಲ್ಲವ್ವಾ ಅಂದ. ನನ್ನ ನಾಲಿಗೀಗೇ ನಿನ್ನ ಕೈ ಗುರುತು ಸಿಗಲಿಲ್ಲ ಅಂದ್ರ ಇನ್ನ ನಾ ರೊಟ್ಟಿ ತಿನ್ನೋದ್ಯಾಕ ಅಂದ. ಅವತ್ತಿನಿಂದ ಮುಟ್ಟಿಲ್ರಿ. ಮನ್ಯಾಗೂ ಇಲ್ಲ. ಭಾನುವಾರ ಬಂದಿದ್ದ, ನಾ ಬಿಸಿ ರೊಟ್ಟಿ ಹಾಕಿದ್ರ ತಾಟು ಸರಿಸಿ ಅನ್ನ ಅದೇನು ಅಂದ." ಭೀಮಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಸ್ಸಿಗೆ ಗಂಟು ಇಡಾಕ ನನ್ನ ಕೈ ಏಳಲಿಲ್ಲ. ಕೈನೇ ನಂದಲ್ಲ ಅಂದಮ್ಯಾಲ ಬಡಿಯೋದೇನು."

"ಈಗಾರ ನೀ ಅವಗ ಖರೇ ಹೇಳು."

"ಈಗ ಹೇಳಿದ್ರ ನಂಬಂಗಿಲ್ರಿ. ನನ್ನ ಸಮಾಧಾನಕ್ಕ ಹೇಳ್ತಿ ಅಂತಾನ. ಮೊದಲ ಅಲ್ಲ ಅಂದವರೇ ಹೌದು ಅನ್ನಬೇಕು." ಅವಳು ಮೊದಲ ಸಲ ಶಿವಕಾಂತಮ್ಮನ ಮುಖ ನೆಟ್ಟಗೆ ನೋಡಿದಳು. "ನಿಮ್ಮ ಪಡಸಾಲ್ಯಾಗ ಬ್ಯಾಡ್ರಿ. ನಿಮ್ಮ ಭಾವನೋರ ಮುಂದೂ ಬ್ಯಾಡ. ಹಾಸ್ಟೆಲಿಗೆ ಹೋಗಿ ಅವನ ಮುಂದ ಒಂದು ಮಾತು ಹೇಳ್ರಿ: ಅದು ನಿಮ್ಮವ್ವನ ಕೈದು ಅಂತ. ಅಷ್ಟ ಸಾಕು. ನೀವು ನಾಳಿ ಹೇಳ್ರಿ, ನಾಡಿದ್ದಿನಿಂದ ಗಂಟು ಬಸ್ಸಿಗಿರ್ತದ."

"ನಾಳೇನೆ ಹೇಳ್ತೀನಿ. ಲಿಂಗದಾಣಿ," ಎಂದಳು ಶಿವಕಾಂತಮ್ಮ. ಆ ಹೊತ್ತಿನಲ್ಲಿ ಅದು ಹೊಟ್ಟೆಯೊಳಗಿನಿಂದ ಬಂದ ಮಾತೇ ಆಗಿತ್ತು.

ಏಳುವಾಗ ಒಂದು ಮಾತು ತಡೆಯದೆ ಕೇಳಿದಳು. "ಆ ಸಣ್ಣ ರೊಟ್ಟಿ ನನ್ನ ಗಂಟಿನಾಗ ಯಾಕ ಇಡ್ತಿದ್ದಿ? ಕೈ ರೂಢಿಗೇನು?"

"ರೂಢಿಗೆ ಅಲ್ರಿ. ಬಣವಿ ಹಿಂದ ನಿಂತು ತಿಂತಿದ್ರಲ್ಲ, ಅದು ನೆನಪಾಗ್ತಿತ್ತು. ಅದು ನಿಮಗಂತನ ಮಾಡ್ತಿದ್ದೆ."

ಶಿವಕಾಂತಮ್ಮ ಬೇಲಿಗುಂಟ ತಿರುಗಿ ಹೋಗುವಾಗ ಕಣ್ಣಲ್ಲಿ ನೀರು ಬಂದು ದಾರಿ ಕಾಣಲಿಲ್ಲ. ಕಟ್ಟೆಯ ಮೇಲಿನ ತಂಬಿಗೆ ತುಂಬಿದಂತೆಯೇ ಇತ್ತು.

ಮರುದಿನ ಮಧ್ಯಾಹ್ನ ಅವಳು ಖಾನಾವಳಿಯನ್ನು ದುಂಡಮ್ಮನಿಗೆ ಬಿಟ್ಟು ಹಾಸ್ಟೆಲಿಗೆ ಹೋದಳು. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಲ್ಲಿ ತಿರುಗಿಸಿದಳು: ಅದು ನಿಮ್ಮವ್ವನ ಕೈದಪ್ಪಾ, ನಾ ಅವತ್ತು ಸುಳ್ಳಾಡಿದೆ. ಹೇಳಿ ಹೇಳಿ ಮಾತು ನುಣುಪಾಯಿತು. ಊಟದ ಹೊತ್ತು ನೋಡಿ ಹೋದದ್ದೇ ತಪ್ಪಾಯಿತು. ಗೇಟಿನ ಒಳಗೆ ಬೇವಿನ ಗಿಡದ ಕೆಳಗೆ ತಾಟು ಹಿಡಿದ ಹುಡುಗರು ಗುಂಪುಗುಂಪಾಗಿ ನಿಂತಿದ್ದರು. ಒಬ್ಬ ಕಾಶಿರಾಯನನ್ನು ಕೂಗಿ ಕರೆದ. ಅವನು ಬಂದ. ಹಿಂದೆಯೇ ಭೀಮಶಾ ಮತ್ತು ಅಂದಿನ ಇನ್ನಿಬ್ಬರು.

"ಬರ್ರಿ ಅಮ್ಮಾ," ಎಂದ ಕಾಶಿರಾಯ. ದನಿಯಲ್ಲಿ ಮರ್ಯಾದೆ ಇತ್ತು. ಮುಖ ಇಳಿದಿತ್ತು.

"ನಿನ್ನ ಕೂಡ ಒಂದು ಮಾತಾಡೋದದ. ಈ ಕಡೆ ಬಾ ತಮ್ಮಾ."

ಅವನು ಕದಲಲಿಲ್ಲ. "ಇಲ್ಲೇ ಹೇಳ್ರಿ. ಅವತ್ತು ಇವರೂ ಇದ್ದರಲ್ರಿ. ಅವತ್ತಿನಿಂದ ಇವರು ನನ್ನ ಸುಳ್ಳ ಕಾಶ್ಯಾ ಅಂತಾರ. ಚಾಷ್ಟಿ ಮಾಡ್ತಾರ, ಇರಲಿ. ನೀವು ಏನು ಹೇಳ್ತೀರೋ ಇವರೂ ಕೇಳಲಿ."

ಅವನು ಮತ್ತೆ ಅದೇ ರೀತಿ ಅವಳನ್ನು ನೋಡಿದ. ಕಾಯುವ ಮುಖ. ಈ ಸಲ ಅದರಲ್ಲಿ ಆಸೆಯೂ ಇತ್ತು. ಅವಳು ಯಾಕೆ ಬಂದಿದ್ದಾಳೆಂದು ಅವನಿಗೆ ಅರ್ಧ ತಿಳಿದುಹೋಗಿತ್ತು. ಉಳಿದರ್ಧ ಅವಳ ಬಾಯಿಂದ ಬರಬೇಕಿತ್ತು.

ಶಿವಕಾಂತಮ್ಮ ಭೀಮಶಾನನ್ನು ನೋಡಿದಳು. ಅವನ ಹಿಂದೆ ತಾಟು ಹಿಡಿದು ನಿಂತವರನ್ನು ನೋಡಿದಳು. ಈ ಮಾತು ಈ ಗೇಟು ದಾಟಿದರೆ ಸಂಜೆಗೆ ಗಾಜಿಪುರ ಮುಟ್ಟುತ್ತದೆ.

ಅಂಥದೇನೂ ಆಗುತ್ತಿರಲಿಲ್ಲವೇನೋ. ಆದರೂ ಆಗಿಬಿಟ್ಟರೆ? ಭಾವ ಬಂದು ಕುರ್ಚಿ ಎಳೆದು ಕೂತು, ಶಿವಕಾಂತಾ, ಎನ್ನುತ್ತಾನೆ. ಹಲಗೆ ಇಳಿಯುತ್ತದೆ. ಹಗಲು ಕಂಡ ಬಾವಿಗೆ ಜನ ಇರುಳು ಬೀಳುತ್ತಾರೆ. ಶಿವಕಾಂತಮ್ಮ ಹಗಲೇ ಬಿದ್ದಳು.

"ಅವತ್ತು ನೀ ಉಣ್ಣದೆ ಎದ್ದು ಬಂದಿ," ಎಂದಳು. "ಹಸಿದ ಹೊಟ್ಟೀಲೆ ಹೋದ ಹುಡುಗ ಅಂತ ನನ್ನ ಜೀವಕ್ಕ ಸಮಾಧಾನ ಇದ್ದಿಲ್ಲ. ಒಂದು ದಿನ ಊಟಕ್ಕ ಬಾ ಅಂತ ಹೇಳಾಕ ಬಂದೆ."

ಯಾರೋ ಒಬ್ಬ ಮೂಗಿನಲ್ಲಿ ನಕ್ಕ. ಕಾಶಿರಾಯ ನಗಲಿಲ್ಲ. ಆಸೆ ಅವನ ಮುಖದಿಂದ ಇಳಿದುಹೋದುದನ್ನು ಅವಳು ಕಣ್ಣಾರೆ ಕಂಡಳು.

"ನಾ ಈಗ ರೊಟ್ಟಿ ತಿನ್ನಂಗಿಲ್ರಿ ಅಮ್ಮಾ," ಎಂದ. "ಅನ್ನಾನೇ ಉಣ್ತೀನಿ." ಕೈ ಮುಗಿದು ಒಳಗೆ ಹೋದ.

ಆ ದಿನ ಉಳಿದ ಹೊತ್ತು ಹೇಗೆ ಹೋಯಿತೆಂದು ಅವಳಿಗೆ ತಿಳಿಯಲಿಲ್ಲ. ನಾಳೆ ಒಬ್ಬಳೇ ಹೋಗಿ ಒಬ್ಬನಿಗೇ ಹೇಳುತ್ತೇನೆ ಎಂದುಕೊಂಡಳು. ಚೀಟಿ ಬರೆದು ಕಳಿಸುತ್ತೇನೆ ಎಂದುಕೊಂಡಳು. ಭೀಮಬಾಯಿಗೆ ಹೇಳಿ ಕಳಿಸಬೇಕು, ಇನ್ನೂ ಆಗಿಲ್ಲ, ಗಂಟು ಇಡಬೇಡ ಎಂದು. ಸಂಜೆಯ ಬಸ್ಸಿನ ಹೊತ್ತಿಗೆ ನಿಲ್ದಾಣಕ್ಕೂ ಹೋದಳು. ಹುಡುಗರು ಖಾಲಿ ಡಬ್ಬಿಗಳನ್ನು ಕಂಡಕ್ಟರನಿಗೆ ಕೊಡುತ್ತಿದ್ದರು. ಅವಳು ಕಂಬದ ಹತ್ತಿರ ನಿಂತು ನೋಡಿದಳು. ಬಸ್ಸು ಹೊರಟುಹೋಯಿತು.

ಬೆಳಿಗ್ಗೆ ಎಂಟಕ್ಕೆ ಕಮಲಾಪುರದ ಮೊದಲ ಬಸ್ಸು ಒಂದು ನಿಮಿಷವೂ ತಡವಿಲ್ಲದೆ ಬಂತು. ಕಂಡಕ್ಟರ ಕಿಟಕಿಯಿಂದಲೇ ಅವಳನ್ನು ಕಂಡು ನಕ್ಕ.

"ಬಂತ್ ನೋಡ್ರಿ ಅಮ್ಮಾ, ನಿಮ್ಮ ತವರಿನ ಬುತ್ತಿ! ಹತ್ತು ದಿನಾತು, ಬಸ್ಸೇ ಭಣಭಣ ಅನ್ನಸ್ತಿತ್ತು." ಗಂಟನ್ನು ಅವಳ ತೋಳಿಗೆ ಇಳಿಸಿದ. ಗಂಟು ಕಟ್ಟಿದ ಬಿಳಿ ಧೋತರ ಒಗೆದು ಶುಭ್ರವಾಗಿತ್ತು. ರೊಟ್ಟಿಯ ಬಿಸಿ ಬಟ್ಟೆ ದಾಟಿ ಅವಳ ಎದೆಗೆ ತಾಗಿತು. "ಆ ಬಾಯಿ ಇವತ್ತು ಭಾಳ ಖುಷಿಲಿದ್ದಳ್ರಿ. ಮ್ಯಾಲ ಎರಡು ಸಣ್ಣ ರೊಟ್ಟಿ ಅದಾವಂತ. ಒಂದು ನಿಮಗಂತ. ಇನ್ನೊಂದು ಹಾಸ್ಟೆಲಿನಾಗಿನ ಹುಡುಗಗ ನೀವೇ ಕೈಯಾರೆ ಕೊಡಬೇಕಂತ. ಅಕ್ಕಾರಿಗೆ ಗೊತ್ತದ ಅಂದಳು."

ಶಿವಕಾಂತಮ್ಮ ಕಲ್ಲು ಬೆಂಚಿನ ಮೇಲೆ ಕೂತು ಗಂಟಿನ ತುದಿ ಬಿಚ್ಚಿದಳು. ಎರಡೂ ಇದ್ದವು. ಅಂಚು ಎತ್ತಿ, ಮೂರು ಬೆರಳೊತ್ತಿ, ಗುಣಿ ತುಂಬ ಹಿಂಡಿ ಹಾಕಿ, ಎಂದಿಗಿಂತ ಹೆಚ್ಚು ಎಣ್ಣೆ ಬಿಟ್ಟು ಮಾಡಿದಂಥವು. ಅವಳು ಎರಡನ್ನೂ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಹುಡುಗರು ಒಬ್ಬೊಬ್ಬರಾಗಿ ತಮ್ಮ ಹೆಸರಿನ ಡಬ್ಬಿ ಹುಡುಕಿಕೊಂಡು, ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋದರು. ನಿಲ್ದಾಣದ ಆ ಮೂಲೆ ಖಾಲಿಯಾಯಿತು. ಅವಳು ಕೂತೇ ಇದ್ದಳು. ಹಿಂಡಿಯ ಎಣ್ಣೆ ರೊಟ್ಟಿಯನ್ನು ನೆನೆಸಿ, ನಿಧಾನವಾಗಿ ಅವಳ ಸೊಟ್ಟ ಕೈಯ ಮಣಿಕಟ್ಟಿನ ತನಕ ಇಳಿಯಿತು.